ವಾಪಸ್ ಕೊಡದ ಪಾತ್ರೆ

ಅಕ್ಟೋಬರ್ 14

ಇವತ್ತು ಇನ್ನೊಂದು ಪಾತ್ರೆ ಬಂತು. ಬೆಲ್ ಮಾಡಲಿಲ್ಲ, ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಇಟ್ಟು ಹೋದರು. ಪರದೆಯ ಸಂದಿಯಿಂದ ನೋಡಿದೆ. ಕೆಸರು ಮೆತ್ತಿದ ಪಿಕಪ್, ಹಿಂದೆ ಒಂದು ನಾಯಿ. ಅದು ತಿರುವು ದಾಟಿದ ಮೇಲೆ ಬಾಗಿಲು ತೆಗೆದೆ.

ಅಗಲವಾದ ಗಾಜಿನ ಪಾತ್ರೆ. ಮೇಲೆ ಫಾಯಿಲ್, ಇನ್ನೂ ಬಿಸಿಯಿತ್ತು. ತಳದಲ್ಲಿ ಬಿಳಿ ಟೇಪು ಅಂಟಿಸಿ ಅದರ ಮೇಲೆ ಪೆನ್ನಿನಿಂದ ‘ಹಾನ್ಸನ್’ ಎಂದು ಬರೆದಿದ್ದಾರೆ. ಅಮ್ಮ ಸ್ಟೀಲ್ ಪಾತ್ರೆ ಕೊಂಡಾಗಲೆಲ್ಲ ಅಂಗಡಿಯಲ್ಲೇ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸುತ್ತಾಳೆ. ನಾನು ಬರುವಾಗ ಕೊಟ್ಟ ಡಬರಿಯ ಮೇಲೂ ‘ವಸಂತಲಕ್ಷ್ಮಿ’ ಎಂದಿದೆ. ಇಲ್ಲಿಯವರದು ಟೇಪು.

ಒಳಗೆ ಕೋಳಿ, ನೂಡಲ್ಸ್, ಚೀಸ್. ಸಂಜೆ ಬೆಲ್ವ್ಯೂ ನಗರದ ಆಫೀಸಿನಿಂದ ಬಂದ ಜಯಂತ್ ಅದನ್ನು ಕಾಂಪೋಸ್ಟ್ ಡಬ್ಬಕ್ಕೆ ಸುರಿದ. ನಾನು ಪಾತ್ರೆ ತೊಳೆದು ಗರಾಜಿನಲ್ಲಿ, ಹಿಂದೆ ಬಂದವುಗಳ ಮೇಲೆ ಇಟ್ಟೆ.

ಆಸ್ಪತ್ರೆಯಿಂದ ಬಂದಾಗಿನಿಂದ ಇದೇ ನಡೆದಿದೆ. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು. ಹೆಣ್ಣು ಎಂದರು. ಎಳೆ ಕೂಸನ್ನು ಸುಡುವುದಿಲ್ಲ, ಮಣ್ಣು ಮಾಡಬೇಕು ಎಂದು ಅಮ್ಮ ಚನ್ನರಾಯಪಟ್ಟಣದಿಂದ ಫೋನಿನಲ್ಲಿ ಹೇಳಿದಳು. ಎಲ್ಲಿ ಎಂದು ತಿಳಿಯದೆ ಜಯಂತ್ ಪಕ್ಕದ ಮನೆಯ ಡೋರೀನ್ ಅವರನ್ನು ಕೇಳಿದ. ಅವರು ಈ ಊರಿನ ಗುಡ್ಡದ ಮೇಲಿನ ಸ್ಮಶಾನದಲ್ಲಿ ಜಾಗ ಕೊಡಿಸಿದರು. ಆಗ ನಾನಿನ್ನೂ ವಾರ್ಡಿನಲ್ಲಿದ್ದೆ. ಆ ಜಾಗ ನೋಡಿಲ್ಲ. ‘ಆ ಕಡೆ ತಲೆ ಹಾಕಬೇಡ ಕಣೆ. ಹೆಸರು ಗಿಸರು ಇಡಬೇಡ. ಕಲ್ಲು ನಿಲ್ಲಿಸಬೇಡಿ. ಮರೆತಷ್ಟೂ ಒಳ್ಳೇದು,’ ಎಂದು ಅಮ್ಮ ಹೇಳಿದ್ದಾಳೆ.

ಸೂತಕದ ಮನೆಯಿಂದ ಬೇಯಿಸಿದ್ದನ್ನು ಹೊರಗೆ ಕೊಡುವ ಹಾಗಿಲ್ಲ. ಬೇರೆಯವರ ಪಾತ್ರೆಯನ್ನು ಖಾಲಿ ಕೊಡುವ ಹಾಗೂ ಇಲ್ಲ. ಹಾಗಾಗಿ ಎಲ್ಲ ಇಲ್ಲೇ ಇವೆ.

ಅಕ್ಟೋಬರ್ 17

ಎರಡು ಪಾತ್ರೆ. ಒಂದರಲ್ಲಿ ಮೀನು.

ಅಕ್ಟೋಬರ್ 22

ಮಳೆ ಬಿಟ್ಟಿತ್ತು. ಡೋರೀನ್ ಬಂದು ಮೆಟ್ಟಿಲ ಮೇಲೆ ಕುಳಿತರು. ಬಾಗಿಲು ತಟ್ಟಲಿಲ್ಲ. ನಾನೇ ಹೋಗಿ ಅವರ ಪಕ್ಕ ಕುಳಿತೆ, ಬೇರೆ ದಾರಿ ಕಾಣಲಿಲ್ಲ.

ಎಪ್ಪತ್ತು ದಾಟಿದ್ದಾರೆ, ಇನ್ನೂ ಶಾಲೆಯ ಹಳದಿ ಬಸ್ಸು ಓಡಿಸುತ್ತಾರೆ. ಈ ಊರು, ಫರ್ನ್ ಬೆಂಡ್, ಅಂಥವರಿಂದಲೇ ನಡೆಯುತ್ತದೆ. ಇರುವುದು ಒಂದು ರಸ್ತೆ. ಅಂಚೆ ಕಚೇರಿ, ದನದ ಮೇವಿನ ಅಂಗಡಿ, ಮಧ್ಯಾಹ್ನ ಮುಚ್ಚುವ ಒಂದು ಹೋಟೆಲು, ಚರ್ಚು. ಬೆಂಕಿ ಆರಿಸುವ ಗಾಡಿ ಇದೆ, ಅದಕ್ಕೆ ಸಿಬ್ಬಂದಿ ಇಲ್ಲ. ಸೈರನ್ ಆದರೆ ಹೋಟೆಲಿನವನೂ ಮೇವಿನ ಅಂಗಡಿಯವನೂ ಓಡುತ್ತಾರೆ. ಎದುರಿಗೆ ಬಂದವರೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಯಾರೂ ಯಾರನ್ನೂ ನೇರವಾಗಿ ಏನೂ ಕೇಳುವುದಿಲ್ಲ. ನಮ್ಮನ್ನು ‘ಲಿಂಡ್‌ಕ್ವಿಸ್ಟ್ ಮನೆಯವರು’ ಎನ್ನುತ್ತಾರೆ. ನಾವು ಬಾಡಿಗೆಗೆ ಬಂದು ವರ್ಷವೂ ಆಗಿಲ್ಲ, ಲಿಂಡ್‌ಕ್ವಿಸ್ಟರು ಸತ್ತು ಎಷ್ಟೋ ಕಾಲವಾಗಿದೆ, ಆದರೂ ಮನೆ ಅವರದೇ.

‘ನೀವು ಮಾಂಸ ತಿನ್ನಲ್ವಂತೆ? ನಿನ್ನ ಗಂಡ ಪೋಸ್ಟಾಫೀಸಲ್ಲಿ ಹೇಳಿದ,’ ಎಂದು ಡೋರೀನ್ ಕೇಳಿದರು. ಅವರ ಇಂಗ್ಲಿಷು ನನ್ನ ಕಿವಿಗೆ ಹೀಗೇ ಕೇಳುತ್ತದೆ.

‘ಇಲ್ಲ,’ ಎಂದೆ.

‘ಮತ್ತೆ ಹಾನ್ಸನ್ ಮನೆ ಕೋಳಿ?’

ನಾನು ಕಾಂಪೋಸ್ಟ್ ಡಬ್ಬದ ಕಡೆ ನೋಡಿದೆ.

‘ಈ ಸಲ ಕಸದ ಡಬ್ಬ ಕೆದಕೋ ರಕೂನ್‌ಗಳು ಯಾಕೆ ಇಷ್ಟು ದಪ್ಪ ಆಗಿವೆ ಅಂತ ಯೋಚನೆ ಮಾಡ್ತಿದ್ದೆ ನಾನು.’

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಹೊಲದ ಕಡೆ ನೋಡುತ್ತಾ ನೀರು ಹೇಗೆ ನಿಂತಿದೆ, ಈ ಸಲ ನದಿ ಬೇಗ ಏರುತ್ತದೆ ಎಂದರು. ಮಗುವಿನ ಬಗ್ಗೆ ಏನೂ ಕೇಳಲಿಲ್ಲ. ಹೋಗುವಾಗ, ‘ಪಾತ್ರೆಗಳಿಗೆ ಅವಸರ ಇಲ್ಲ, ಹನಿ. ಯಾರೂ ಕೇಳಲ್ಲ,’ ಎಂದರು.

ನಮ್ಮ ಕಡೆ ಹೀಗೆ ಹೇಳಿದರೆ ಬೇಗ ಕೊಡು ಎಂದೇ ಅರ್ಥ.

ಅಕ್ಟೋಬರ್ 24

ಇವತ್ತಿನ ಫಾಯಿಲ್ ಮೇಲೆ ದೊಡ್ಡದಾಗಿ ‘ಮಾಂಸ ಇಲ್ಲ’ ಎಂದು ಬರೆದಿತ್ತು. ಬಿಚ್ಚಿದರೆ ಮ್ಯಾಕರೋನಿ, ಅದರ ಮೇಲೆ ಹಂದಿಯ ಚೂರುಗಳು. ಬೇಕನ್ ಇವರಿಗೆ ಮಾಂಸವಲ್ಲ, ಒಗ್ಗರಣೆ.

ಜಯಂತ್ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಅಕ್ಟೋಬರ್ 30

ಜಯಂತ್ ಬೆಲ್ವ್ಯೂನಲ್ಲಿ ಅಪಾರ್ಟ್‌ಮೆಂಟ್ ನೋಡಿ ಬಂದಿದ್ದಾನೆ. ಆಫೀಸಿಗೆ ನಡೆದೇ ಹೋಗಬಹುದಂತೆ, ಕೆಳಗೇ ಇಂಡಿಯನ್ ಅಂಗಡಿಯಂತೆ. ಇಲ್ಲಿಯ ಕರಾರು ಜನವರಿಗೆ ಮುಗಿಯುತ್ತದೆ.

‘ನೀನು ಇಡೀ ದಿನ ಒಬ್ಬಳೇ ಇರ್ತೀಯ ಶರ್ವಾಣಿ. ಅಲ್ಲಾದ್ರೆ ಕನ್ನಡದೋರು ಸಿಗ್ತಾರೆ, ಲೈಬ್ರರಿ ಇದೆ. ಡ್ರೈವ್ ಮಾಡೋದೂ ಬೇಡ. ಇಲ್ಲಿ ಏನಿದೆ ಹೇಳು,’ ಎಂದ.

ಹೇಳಿದ ಕೂಡಲೇ ಅವನ ಮುಖ ಬದಲಾಯಿತು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಅಮ್ಮನಿಗೆ ಗೊತ್ತಾಗಿ ಸಮಾಧಾನವಾಗಿದೆ. ಅವಳಿಗೆ ವೀಸಾ ಆಗಿ ಬರುವುದು ಮಾರ್ಚ್‌ಗೆ. ಅಷ್ಟರಲ್ಲಿ ಹೊಸ ಮನೆಯಲ್ಲಿರಿ, ಆ ಗುಡ್ಡದ ಊರು ಬಿಡಿ ಎಂದಳು.

ನಾವು ಹೋದರೆ ಕೂಸು ಇಲ್ಲೇ ಇರುತ್ತದಲ್ಲ. ಇದನ್ನು ಅವರಿಬ್ಬರ ಎದುರೂ ಹೇಳಲು ಆಗಲಿಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡುವಾಗ ವೈವಾದಲ್ಲೂ ಹೀಗೇ ಆಗುತ್ತಿತ್ತು. ಉತ್ತರ ಗೊತ್ತಿದ್ದರೂ ಬಾಯಿ ಬರುತ್ತಿರಲಿಲ್ಲ.

ನವೆಂಬರ್ 3

ಹಾಲು ಪೂರ್ತಿ ನಿಂತಿದೆ. ಅಮ್ಮನಿಗೆ ಹೇಳಿದೆ. ಒಳ್ಳೇದಾಯಿತು ಎಂದಳು.

ನವೆಂಬರ್ 6

ಸೂತಕ ಎಂದೋ ಕಳೆದಿದೆ. ಪಾತ್ರೆಗಳನ್ನು ಕೊಡಲು ಈಗ ಯಾವ ಅಡ್ಡಿಯೂ ಇಲ್ಲ. ಹೊರಡೋಣ ಎಂದುಕೊಂಡು ಕೋಟು ಹಾಕಿಕೊಂಡೆ, ತೆಗೆದೆ. ಹೋದರೆ ಹೇಗಿದ್ದೀಯ ಎಂದು ಕೇಳುತ್ತಾರೆ.

ಮಧ್ಯಾಹ್ನ ಮತ್ತೊಂದು ಬಂತು. ನಾನು ಕೊಡದಷ್ಟೂ ಇವರು ಕಳಿಸುತ್ತಾರೆ. ಏನು ಹಟವೋ.

ನವೆಂಬರ್ 15

ನಿನ್ನೆ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಕರೆಂಟ್ ಇಲ್ಲ. ನೀರು ನಮ್ಮ ಮೆಟ್ಟಿಲವರೆಗೆ ಬಂದು ಇಳಿದಿದೆ.

ಜಯಂತ್ ಕತ್ತಲಿದ್ದಾಗಲೇ ಆಫೀಸಿಗೆ ಹೊರಟಿದ್ದ. ಬೆಳಗಾದ ಮೇಲೆ ಸೈರನ್ ಕೂಗಲಾರಂಭಿಸಿ ನಿಲ್ಲಲೇ ಇಲ್ಲ. ಹೊರಗೆ ನೋಡಿದರೆ ಹೊಲವೆಲ್ಲ ಕಂದು ಬಣ್ಣದ ಕೆರೆ. ರಸ್ತೆಯಲ್ಲಿ ಹಳದಿ ಬಸ್ಸು ಬರುತ್ತಿತ್ತು. ಡೋರೀನ್ ಕಿಟಕಿಯಿಂದ ತಲೆ ಹಾಕಿ, ‘ಬಸ್ ಹತ್ತು. ಮಧ್ಯಾಹ್ನದ ಹೊತ್ತಿಗೆ ಈ ರಸ್ತೆ ಇರಲ್ಲ. ಗುಡ್ಡಕ್ಕೆ ಹೋಗಬೇಕು,’ ಎಂದರು.

ಕಣಿವೆಯಲ್ಲಿ ಎತ್ತರದ ಜಾಗ ಇರುವುದು ಅದೊಂದೇ. ನದಿ ಏರಿದಾಗಲೆಲ್ಲ ಊರೇ ಅಲ್ಲಿಗೆ ಹೋಗುತ್ತದಂತೆ. ಅಮ್ಮನ ಮಾತು ನೆನಪಾಯಿತು. ಆದರೆ ಬಸ್ಸಿನ ಇಂಜಿನ್ ಓಡುತ್ತಿತ್ತು, ಒಳಗಿನಿಂದ ಮುದುಕರು, ಮಕ್ಕಳು ನನ್ನನ್ನೇ ನೋಡುತ್ತಿದ್ದರು.

ಏನು ತೆಗೆದುಕೊಳ್ಳಲಿ ಎಂದು ಯೋಚಿಸಲೂ ಇಲ್ಲ. ನೀರು ಬಂದರೆ ಮೊದಲು ಬರುವುದು ಗರಾಜಿಗೆ. ಅಲ್ಲಿ ಇದ್ದದ್ದು ಬೇರೆಯವರ ಪಾತ್ರೆಗಳು. ಬಟ್ಟೆಯ ಬುಟ್ಟಿಗೆ ಅವನ್ನೆಲ್ಲ ತುಂಬಿಸಿ, ನಡುನಡುವೆ ಟವಲು ಇಟ್ಟು ಬಸ್ಸು ಹತ್ತಿದೆ. ಪಾಸ್‌ಪೋರ್ಟ್, ನನ್ನ ಪುಸ್ತಕಗಳು ಎಲ್ಲ ಮನೆಯಲ್ಲೇ ಉಳಿದವು. ಡೋರೀನ್ ಕನ್ನಡಿಯಲ್ಲಿ ಬುಟ್ಟಿ ನೋಡಿ ಬಸ್ಸು ಹೊರಡಿಸಿದರು.

ಗುಡ್ಡದ ಮೇಲೆ ನಾನು ಎಣಿಸಿದಂತೆ ಏನೂ ಇರಲಿಲ್ಲ. ಸ್ಮಶಾನದ ದಾರಿಯ ಎರಡೂ ಬದಿಗೆ ಟ್ರ್ಯಾಕ್ಟರು, ಕಾರು, ಹುಲ್ಲಿನ ಗಾಡಿ. ಬೇಲಿಯ ಉದ್ದಕ್ಕೂ ಹಸುಗಳು. ಕಲ್ಲುಗಳ ನಡುವೆ ಕೋಳಿಗಳು ಓಡಾಡುತ್ತಿದ್ದವು. ಪಕ್ಕದಲ್ಲೇ ರೈತರ ಹಳೆಯ ಸಭಾಭವನ, ಅದರ ಚಿಮಣಿಯಿಂದ ಹೊಗೆ. ಸತ್ತವರ ನಡುವೆ ಇಷ್ಟು ಗಲಾಟೆ ನಾನು ಕಂಡಿರಲಿಲ್ಲ.

ಬುಟ್ಟಿ ಹೊತ್ತು ಸಭಾಭವನದೊಳಗೆ ಹೋದೆ. ಒಲೆಗಳ ಮುಂದೆ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದಂತಾಯಿತು. ನಾನು ಬುಟ್ಟಿ ಮೇಜಿನ ಮೇಲಿಟ್ಟು, ‘ಕ್ಷಮಿಸಿ, ತಡವಾಯಿತು, ಖಾಲಿಯಾಗಿಯೇ ತಂದೆ,’ ಎಂದೆ. ಒಬ್ಬರು ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ‘ಒಳ್ಳೇದು. ಒಳ್ಳೇದಾಯ್ತು, ಮಗೂ,’ ಎಂದರು. ಅವರೇ ಹಾನ್ಸನ್ ಎಂದು ಆಮೇಲೆ ಗೊತ್ತಾಯಿತು. ಇನ್ನೊಬ್ಬರು ಕಣ್ಣು ಒರೆಸಿಕೊಂಡರು. ಪಾತ್ರೆ ಸಿಕ್ಕಿದ್ದಕ್ಕೆ ಇಷ್ಟು ಸಂತೋಷವೇ ಎಂದು ಬೆಪ್ಪಾಗಿ ನಿಂತೆ.

ಡೋರೀನ್ ನನ್ನನ್ನು ಮೂಲೆಗೆ ಕರೆದರು. ‘ನಿನಗೆ ಗೊತ್ತಿಲ್ಲ ಅಲ್ವಾ?’

‘ಏನು?’

‘ಮನೇಲಿ ಸಾವಾದ್ರೆ ಪಾತ್ರೆ ಕಳಿಸ್ತೀವಿ. ಆ ಮನೆಯವರು ಎದ್ದು ನಿಲ್ಲೋಕೆ ಆದಾಗ ಪಾತ್ರೆ ವಾಪಸ್ ತರ್ತಾರೆ. ಅಲ್ಲಿವರೆಗೂ ನಮ್ಮ ಪಾಳಿ ಮುಗಿಯಲ್ಲ. ಇವತ್ತು ನೀನು ಎಲ್ಲ ಒಟ್ಟಿಗೆ ತಂದೆ. ನಿನಗೆ ಸ್ವಲ್ಪ ಹಗುರ ಆಯ್ತು ಅಂದ್ಕೊಂಡರು.’

ನೀರಿಗೆ ಕೊಚ್ಚಿಕೊಂಡು ಹೋಗದಿರಲಿ ಎಂದು ತಂದಿದ್ದೆ, ಅಷ್ಟೆ. ಅದನ್ನು ಹೇಳಲು ಹೋದೆ. ಬಾಯಿಂದ ಬಂದದ್ದು ಬೇರೆ. ‘ನನಗೆ ಇನ್ನೂ ಆಗಿಲ್ಲ,’ ಎಂದೆ. ಎರಡು ಸಲ ಹೇಳಿದೆ ಎಂದು ಕಾಣುತ್ತದೆ.

ಡೋರೀನ್ ಮೇಜಿನ ಹತ್ತಿರ ಹೋಗಿ ರಾಶಿಯಲ್ಲಿ ತಮ್ಮದನ್ನು ಹುಡುಕಿದರು. ಅಂಚಿಗೆ ನೀಲಿ ಹೂವಿರುವ ಪಿಂಗಾಣಿ ಪಾತ್ರೆ. ಅದನ್ನು ತಂದು ನನ್ನ ಕೈಗೆ ಕೊಟ್ಟು, ‘ಹಾಗಾದ್ರೆ ಇದು ನಿನ್ನ ಹತ್ರ ಇರಲಿ,’ ಎಂದರು. ಬೇರೆ ಯಾರಿಗೂ ಏನೂ ಹೇಳಲಿಲ್ಲ.

ಉಳಿದವನ್ನು ಖಾಲಿ ಕೊಟ್ಟಿದ್ದು ನನಗೆ ಸಹಿಸಲಾಗಲಿಲ್ಲ. ಕಪಾಟಿನಲ್ಲಿ ರವೆ ಇತ್ತು. ಇವರು ಹಾಲು ಹಾಕಿ ಬೆಳಿಗ್ಗೆ ಗಂಜಿ ಮಾಡಿಕೊಳ್ಳುವಂಥದು. ಈರುಳ್ಳಿ, ಬೆಣ್ಣೆ, ಬಟಾಣಿ ಇತ್ತು. ಸಾಸಿವೆ ಸಿಗಲಿಲ್ಲ. ದೊಡ್ಡ ಹಂಡೆಯಲ್ಲಿ ಉಪ್ಪಿಟ್ಟು ಮಾಡಿ ಹಾನ್ಸನ್ ಅವರ ಪಾತ್ರೆಗೆ ಮೊದಲು ತುಂಬಿಸಿದೆ, ಆಮೇಲೆ ಉಳಿದವುಗಳಿಗೆ. ಒದ್ದೆ ಟೋಪಿಯ ಒಬ್ಬ ಮುದುಕರು ಎರಡು ಸಲ ಹಾಕಿಸಿಕೊಂಡು, ‘ಚೆನ್ನಾಗಿದೆ. ಸಕ್ಕರೆ ಹಾಕೋದು ಮರೆತಿದೀಯ ಅಷ್ಟೆ,’ ಎಂದರು.

ಅವರ ಹೆಸರು ವರ್ನ್. ಹಾಲಿನ ವ್ಯಾಪಾರ ಬಿಟ್ಟ ಮೇಲೆ ಸ್ಮಶಾನದ ಹುಲ್ಲು ಕತ್ತರಿಸುವುದು, ಗುಂಡಿ ತೋಡುವುದು ಎಲ್ಲ ಅವರೇ. ತಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತಾ ಕುಳಿತರು. ‘ನಿನಗೆ ಒಂದು ಮಾತು ಹೇಳ್ಬೇಕು. ಒಂದು ಕರುವನ್ನ ಆ ಕಡೆ ಕಟ್ಟಿದೀನಿ. ಬೇಜಾರಾದ್ರೆ ಬಿಚ್ತೀನಿ.’

ಯಾವ ಕಡೆ ಎಂದು ನಾನು ಕೇಳಲಿಲ್ಲ. ಅವರ ಹಿಂದೆ ನಡೆದೆ.

ದೇವದಾರು ಮರಗಳ ಮರೆಯಲ್ಲಿ ಒಂದು ಸಣ್ಣ ಇಳಿಜಾರು. ಅಲ್ಲಿ ಕಲ್ಲುಗಳೆಲ್ಲ ಚಿಕ್ಕವು. ಕೊನೆಯಲ್ಲಿ ಒಂದು ಬಿಳಿ ಹೊಳೆಕಲ್ಲು, ತೆಂಗಿನಕಾಯಿ ಗಾತ್ರದ್ದು, ಮೇಲೆ ಏನೂ ಬರೆದಿಲ್ಲ. ಅದಕ್ಕೆ ಬೆನ್ನು ಹಚ್ಚಿ ಕಂದು ಕರುವೊಂದು ಮಲಗಿತ್ತು.

‘ಇಲ್ಲಿ ಗಾಳಿ ಕಡಿಮೆ. ಅದಕ್ಕೇ ಮೊದಲಿಂದಲೂ ಚಿಕ್ಕವರಿಗೆ ಈ ಜಾಗ. ಕಲ್ಲು ಬೇಡ ಅಂದಿದ್ದ ನಿನ್ನ ಗಂಡ. ನಾನು ಸುಮ್ಮನೆ ಗುರುತಿಗೆ ಇಟ್ಟೆ, ಹುಲ್ಲು ಕತ್ತರಿಸೋವಾಗ ಗೊತ್ತಾಗಲಿ ಅಂತ,’ ಎಂದರು ವರ್ನ್. ಸ್ವಲ್ಪ ಬಿಟ್ಟು, ‘ಅವನನ್ನ ಇವತ್ತೂ ಬೆಳಿಗ್ಗೆ ನೋಡಿದೆ. ನೀರು ಏರ್ತಿದೆ, ಹೊರಡು ಅಂತ ನಾನೇ ಕಳಿಸಿದೆ,’ ಎಂದರು.

‘ಯಾರನ್ನ?’

‘ನಿನ್ನ ಗಂಡನ್ನ. ದಿನಾ ಬರ್ತಾನಲ್ಲ, ಕೆಲಸಕ್ಕೆ ಹೋಗೋ ಮುಂಚೆ. ಗೇಟಿನ ಹತ್ರ ಕಾರು ನಿಲ್ಲಿಸ್ತಾನೆ. ಇಳಿಯಲ್ಲ. ಲೈಟು ಹಾಕ್ಕೊಂಡೇ ಇರ್ತಾನೆ. ಆಮೇಲೆ ಹೋಗ್ತಾನೆ.’

ಕರುವನ್ನು ಬಿಚ್ಚಬೇಡಿ ಎಂದು ಹೇಳಿದೆ.

ನವೆಂಬರ್ 18

ಬೆಲ್ವ್ಯೂ ರಸ್ತೆ ತೆರೆದಿದೆ. ಜಯಂತ್ ಬಂದ. ಗಡ್ಡ ಬೆಳೆದಿತ್ತು. ಬಾಗಿಲಲ್ಲೇ ನಿಂತು, ‘ಎಲ್ಲಿದ್ದೆ ಅವತ್ತು?’ ಎಂದು ಕೇಳಿದ.

‘ಗುಡ್ಡದ ಮೇಲೆ.’

ಅವನು ಬೂಟು ಬಿಚ್ಚುವುದನ್ನು ನಿಲ್ಲಿಸಿದ. ಇನ್ನೂ ಏನಾದರೂ ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಗೇಟಿನ ಬಳಿ ಕಾರು ನಿಲ್ಲುವ ವಿಷಯ ನಾನೂ ಎತ್ತಲಿಲ್ಲ. ಬಿಸಿನೀರು ಕಾಯಿಸಿಕೊಟ್ಟೆ.

ಅವನು ಬೇರೆ ಊರು ಯಾಕೆ ಕೇಳುತ್ತಿದ್ದಾನೆ ಎಂದು ಈಗ ಗೊತ್ತು. ಗುಡ್ಡದ ರಸ್ತೆ ಸಿಗುವ ಜಾಗದಲ್ಲಿ ಇನ್ನೊಂದು ಚಳಿಗಾಲ ಅವನಿಂದಾಗದು. ಊಟ ಮಾಡುವಾಗ, ‘ಬೆಲ್ವ್ಯೂ ಮನೆ ಮಾತಾಡು,’ ಎಂದೆ.

‘ನಿಜವಾಗ್ಲೂ?’

‘ಹೂಂ.’

ನವೆಂಬರ್ 27

ಈಗ ಮೆಟ್ಟಿಲ ಮೇಲೆ ಪಾತ್ರೆ ಬರುವುದಿಲ್ಲ. ಬಾಗಿಲು ತೆಗೆದಾಗ ಖಾಲಿ ಎನಿಸುತ್ತದೆ.

ಭಾನುವಾರ ಮಾತ್ರ ಡೋರೀನ್ ಬರುತ್ತಾರೆ. ತಮ್ಮ ಮನೆಯಿಂದ ಬಾಣಲೆಯಲ್ಲೇ ಆಲೂಗಡ್ಡೆಯನ್ನೋ ಬೀನ್ಸನ್ನೋ ತಂದು ನೀಲಿ ಹೂವಿನ ಪಾತ್ರೆಗೆ ಬಗ್ಗಿಸುತ್ತಾರೆ. ‘ಬೇಕನ್ ಇಲ್ಲ, ಆಣೆ,’ ಎನ್ನುತ್ತಾರೆ. ಅವರ ಅಡುಗೆಗೆ ಉಪ್ಪು ಒಂದು ಬಿಟ್ಟರೆ ಬೇರೆ ರುಚಿಯಿಲ್ಲ. ಪೂರ್ತಿ ತಿನ್ನುತ್ತೇನೆ. ಆಮೇಲೆ ಇಬ್ಬರೂ ಗುಡ್ಡಕ್ಕೆ ಹೋಗುತ್ತೇವೆ.

ಅಮ್ಮನಿಗೆ ಹೇಳಿಲ್ಲ.

ಡಿಸೆಂಬರ್ 15

ಡೋರೀನ್ ಅವರಿಗೂ ಆ ಇಳಿಜಾರಿನಲ್ಲಿ ಒಬ್ಬ ಮಗನಿದ್ದಾನೆ. ಇವತ್ತು ಹೇಳಿದರು. ಕಲ್ಲಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಾ, ‘ಹಾನ್ಸನ್‌ಳ ಅತ್ತೆ ಪಾತ್ರೆ ನನ್ನ ಹತ್ರ ಎಷ್ಟು ವರ್ಷ ಇತ್ತು ಗೊತ್ತಾ? ಅವರು ಹೋದ ಮೇಲೆ ಸೊಸೆಗೆ ಕೊಟ್ಟೆ,’ ಎಂದರು. ಆಮೇಲೆ ಮೋಡದ ಬಗ್ಗೆ ಮಾತಾಡಿದರು.

ಅವಳ ಬಿಳಿ ಕಲ್ಲಿನ ಸುತ್ತ ಎಲೆ ಬಿದ್ದಿತ್ತು. ತೆಗೆದೆ.

ಜನವರಿ 9

ಪೆಟ್ಟಿಗೆ ಕಟ್ಟುತ್ತಿದ್ದೇವೆ. ಮೇವಿನ ಅಂಗಡಿಯವನು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಾನೇ ತಂದು ಇಟ್ಟು ಹೋದ. ‘ಲಿಂಡ್‌ಕ್ವಿಸ್ಟ್ ಮನೆಗೆ ಮುಂದೆ ಯಾರು ಬರ್ತಾರೋ,’ ಎಂದ. ಯಾರೇ ಬಂದರೂ ನಮ್ಮೂರಿನಲ್ಲಿ ಲಿಂಡ್‌ಕ್ವಿಸ್ಟರೇ ಆಗುತ್ತಾರೆ.

ಜನವರಿ 30

ಬೆಲ್ವ್ಯೂ. ಒಂಬತ್ತನೇ ಮಹಡಿ.

ಬೆಳಿಗ್ಗೆ ಹೊರಡುವಾಗ ಜಯಂತ್ ಅಡುಗೆಮನೆಯಲ್ಲಿ ಉಳಿದ ನೀಲಿ ಹೂವಿನ ಪಾತ್ರೆ ನೋಡಿ, ‘ಇದು ಪಕ್ಕದ ಮನೆ ಆಂಟೀದಲ್ವಾ? ಕೊಟ್ಟು ಬಂದ್ಬಿಡು,’ ಎಂದ.

‘ಅದು ನಮ್ಮ ಜೊತೆ ಬರುತ್ತೆ.’

‘ಬೇರೆಯವರದು ಕಣೆ.’

‘ಗೊತ್ತು.’

ಅದನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತೆ. ಡೋರೀನ್ ಬೀಳ್ಕೊಡಲು ಬಂದವರು ಕಿಟಕಿಯೊಳಗೆ ಬಗ್ಗಿದರು. ಸೀರೆ ಒಂದು ಕಡೆ ಸರಿದು ನೀಲಿ ಅಂಚು ಕಾಣುತ್ತಿತ್ತು. ಅವರು ಸೀರೆ ಎಳೆದು ಮುಚ್ಚಿ, ‘ಒಡೆದೀತು, ಜೋಪಾನ,’ ಎಂದರು.

ಹೆದ್ದಾರಿಗೆ ಬಲಕ್ಕೆ ಹೋಗಬೇಕು. ಜಯಂತ್ ಎಡಕ್ಕೆ ತಿರುಗಿಸಿದ. ಅದು ಗುಡ್ಡದ ದಾರಿ. ಗೇಟಿನ ಬಳಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಕೈ ಇನ್ನೂ ಸ್ಟಿಯರಿಂಗ್ ಮೇಲೇ ಇತ್ತು. ನಾನು ಇಳಿದು ಅವನ ಕಡೆಯ ಬಾಗಿಲು ತೆಗೆದು ನಿಂತೆ.

ಮರಗಳವರೆಗೆ ಅವನು ನನ್ನ ಹಿಂದೆ ಬಂದ. ಕಲ್ಲು ಕಂಡ ಕೂಡಲೇ ಒದ್ದೆ ಹುಲ್ಲಿನಲ್ಲಿ ಕುಳಿತುಬಿಟ್ಟ. ಅವನ ಆಫೀಸಿನ ಪ್ಯಾಂಟು ಕೆಸರಾಯಿತು. ‘ಇಷ್ಟೇ ಇತ್ತು ಶರ್ವಾಣಿ, ಇಷ್ಟೇ,’ ಎಂದು ಎರಡು ಕೈಗಳ ನಡುವೆ ಅಳತೆ ತೋರಿಸಿದ. ನಾನು ಅವಳನ್ನು ಎತ್ತಿಕೊಂಡಿರಲಿಲ್ಲ. ಅವನು ಎತ್ತಿಕೊಂಡಿದ್ದ. ಅವನ ಕೈಗಳ ನಡುವಿನ ಆ ಜಾಗವನ್ನು ನೋಡುತ್ತಾ ನಿಂತೆ.

ಮಾರ್ಚ್ 20

ಅಮ್ಮ ಬಂದು ನಾಲ್ಕು ದಿನವಾಯಿತು. ನನ್ನ ಅಡುಗೆಮನೆಯ ಕಪಾಟುಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸುತ್ತಿದ್ದಾಳೆ. ಇವತ್ತು ನೀಲಿ ಹೂವಿನ ಪಾತ್ರೆ ಕೈಗೆ ಸಿಕ್ಕಿತು. ತಿರುಗಿಸಿ ಟೇಪು ನೋಡಿದಳು.

‘ಇದು ಯಾರದ್ದೇ?’

‘ಫರ್ನ್ ಬೆಂಡ್‌ನಲ್ಲಿ ಪಕ್ಕದ ಮನೆಯವರದು.’

‘ಇನ್ನೊಬ್ಬರ ಪಾತ್ರೆ ಹಿಂಗೆ ಇಟ್ಕೊಳೋದೇನೆ? ಏನು ಕಲಿತಿದೀಯ ನೀನು?’

ಅಷ್ಟರಲ್ಲೇ ಫೋನ್ ಬಂತು. ಗುರುವಾರ ಈ ಹೊತ್ತಿಗೆ ಡೋರೀನ್ ಮಾಡುತ್ತಾರೆ. ನದಿ ಇಳಿದಿದೆ, ವರ್ನ್ ಅವರ ಮಂಡಿ ನೋವು ಹಾಗೇ ಇದೆ, ಇಳಿಜಾರಿನಲ್ಲಿ ಹೊಸ ಹುಲ್ಲು ಬಂದಿದೆ ಎಂದರು. ಆಮೇಲೆ ಎಂದಿನಂತೆ, ‘ನನ್ನ ಪಾತ್ರೆ ನಿನ್ನ ಹತ್ರ ಇದೆಯಾ?’ ಎಂದು ಕೇಳಿದರು.

‘ಇದೆ.’

‘ಸರಿ. ಹಾಗಾದ್ರೆ ಭಾನುವಾರ ನಾನು ಗುಡ್ಡಕ್ಕೆ ಹೋಗಿ ನೋಡ್ಕೊಂಡು ಬರ್ತೀನಿ.’

ಫೋನ್ ಇಟ್ಟಾಗ ಅಮ್ಮ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಏನಂತೆ ಎಂದಳು. ಎಲ್ಲ ಹೇಳಿದೆ. ಪಾತ್ರೆಗಳು, ಬಸ್ಸು, ಕರು, ಬಿಳಿ ಕಲ್ಲು, ಭಾನುವಾರಗಳು. ನಡುವೆ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಪಾತ್ರೆಯ ಅಂಚನ್ನು ಸೆರಗಿನಿಂದ ಒರೆಸುತ್ತಾ ಕೇಳಿದಳು.

‘ಭಾನುವಾರ ನಾವೂ ಹೋಗೋಣ. ಖಾಲಿ ಪಾತ್ರೆ ಕೊಡಬಾರದು, ಏನಾದ್ರೂ ಮಾಡ್ಕೊಂಡು ಹೋಗಿ ಕೊಟ್ಟು ಬರೋಣ,’ ಎಂದಳು ಕೊನೆಗೆ.

‘ತುಂಬಿಸಿಕೊಂಡು ಹೋಗೋಣಮ್ಮ. ಪಾತ್ರೆ ಮಾತ್ರ ವಾಪಸ್ ತರ್ತೀನಿ.’

‘ಅದ್ಯಾಕೆ?’

‘ನನಗೆ ಇನ್ನೂ ಆಗಿಲ್ಲ.’

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಕಪಾಟಿನ ಕಡೆ ತಿರುಗಿ, ರವೆ ಎಲ್ಲಿಟ್ಟಿದೀಯ ಎಂದು ಕೇಳಿದಳು.